ರೌಟರಿನ ಕೈಯಿಂದ ರಾಸ್ಪ್‌ಬೆರಿ ಪೈ ಕೈಗೆ: ಡಿಎಚ್‌ಸಿಪಿ ಸರ್ವರ್ ಕಟ್ಟಿದ ಕೆಲಸದ ದಾಖಲೆ

ನಮ್ಮ ಜಾಲದ ಬಗ್ಗೆ ದೂರು ಮೂರು ಬಗೆಯದು. ತಡವಾಗಿ ಆನ್ ಮಾಡಿದ ಕೆಲವು ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಸಿಗುವುದಿಲ್ಲ. ತೆರೆದು ನೋಡಿದರೆ ವಿಳಾಸ 169.254 ಎಂದು ಶುರುವಾಗಿದೆ. ಪ್ರಿಂಟರ್ ಮೊನ್ನೆ ಇದ್ದ ವಿಳಾಸದಲ್ಲಿ ಇವತ್ತು ಇಲ್ಲ. ಆಗೊಮ್ಮೆ ಈಗೊಮ್ಮೆ ಯಾವುದೋ ಪರದೆಯ ಮೇಲೆ ‘ಈ ಐಪಿ ವಿಳಾಸವನ್ನು ಇನ್ನೊಂದು ಕಂಪ್ಯೂಟರ್ ಬಳಸುತ್ತಿದೆ’ ಎಂಬ ಎಚ್ಚರಿಕೆ. ಜಾಲ ದೊಡ್ಡದೇನಲ್ಲ. ಒಂದು ರೌಟರ್, 24 ಪೋರ್ಟಿನ ಸ್ವಿಚ್, ಎರಡು ವೈ-ಫೈ ಆಕ್ಸೆಸ್ ಪಾಯಿಂಟ್, ಕಾಯಂ ಸಾಧನಗಳು 40, ಅದರ ಮೇಲೆ ಬಂದು ಹೋಗುವವರ ಫೋನ್‌ಗಳು.

ರೌಟರಿನೊಳಗೆ ಹೋಗಿ ನೋಡಿದರೆ ಡಿಎಚ್‌ಸಿಪಿ (ಜಾಲಕ್ಕೆ ಬಂದ ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಹಂಚಲು ಇಟ್ಟುಕೊಂಡ ವಿಳಾಸಗಳ ಪೂಲ್ 192.168.1.100ರಿಂದ 192.168.1.149ರವರೆಗೆ, ಅಂದರೆ ಬರೀ 50 ವಿಳಾಸ. ಲೀಸ್, ಅಂದರೆ ಒಮ್ಮೆ ಕೊಟ್ಟ ವಿಳಾಸ ಇಟ್ಟುಕೊಳ್ಳಬಹುದಾದ ಅವಧಿ, 24 ಗಂಟೆ. ಇಷ್ಟು ಓದಿದರೇ ಮೊದಲ ಎರಡು ದೂರಿನ ಬೇರು ಕಾಣುತ್ತದೆ. ಕಾಯಂ ಸಾಧನ 40 ಕಳೆದರೆ ಉಳಿಯುವುದು 10. ಅರ್ಧ ಗಂಟೆ ಇದ್ದು ಹೋದವರ ಫೋನ್ ಕೂಡ ತಾನು ಪಡೆದ ವಿಳಾಸವನ್ನು ಮರುದಿನ ಅದೇ ಹೊತ್ತಿನವರೆಗೆ ಹಿಡಿದಿಟ್ಟಿರುತ್ತದೆ, ಏಕೆಂದರೆ ವೈ-ಫೈ ವ್ಯಾಪ್ತಿ ದಾಟಿ ಹೋಗುವಾಗ ಫೋನ್‌ಗಳು ಸಾಮಾನ್ಯವಾಗಿ ‘ಬಿಟ್ಟೆ’ ಎಂದು ಹೇಳಿ ಹೋಗುವುದಿಲ್ಲ. ರಾತ್ರಿಯಿಡೀ ಆಫ್ ಆಗಿದ್ದ ಪ್ರಿಂಟರಿನ ಲೀಸ್ ಮುಗಿದು ಆ ಜಾಗ ಯಾರದೋ ಫೋನಿಗೆ ಹೋಗುತ್ತದೆ. ಪ್ರಿಂಟರ್ ಮತ್ತೆ ಎದ್ದಾಗ ಉಳಿದಿದ್ದು ಸಿಗುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ. ರೌಟರಿನಲ್ಲಿ ಪೂಲ್ ದೊಡ್ಡದು ಮಾಡಿದ್ದರೆ ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಯಾರಿಗೆ ಯಾವಾಗ ಯಾವ ವಿಳಾಸ ಕೊಟ್ಟೆ ಎಂಬ ಲಾಗ್ ಈ ರೌಟರಿನಲ್ಲಿ ಇಲ್ಲ, ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತು ಸಂಖ್ಯೆ) ಕಟ್ಟುವ ರಿಸರ್ವೇಶನ್, ಅಂದರೆ ಒಂದು ಸಾಧನಕ್ಕೇ ಮೀಸಲಿಟ್ಟ ಐಪಿ, ಹತ್ತಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕೊಟ್ಟವರ ಲೆಕ್ಕ ಕಣ್ಣಿಗೆ ಕಾಣದ ಕಡೆ ಮೂರನೆಯ ದೂರನ್ನು ಹಿಡಿಯಲಾಗದು. ಹಾಗಾಗಿ ಡಿಎಚ್‌ಸಿಪಿ ಕೆಲಸವನ್ನು ರೌಟರಿನಿಂದ ಕಳಚಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಡಿಎನ್‌ಎಸ್‌ಮ್ಯಾಸ್ಕ್ ಎಂಬ ಡಿಎಚ್‌ಸಿಪಿ ತಂತ್ರಾಂಶ ಹಾಕಿ ಕೂರಿಸುವ ನಿರ್ಧಾರ.

169.254 ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಅದನ್ನು ಬರೀ ‘ನೆಟ್ ಇಲ್ಲ’ ಎಂದು ಓದಿ ಮುಂದೆ ಹೋದರೆ ಒಳ್ಳೆಯ ಸುಳಿವು ಕೈತಪ್ಪುತ್ತದೆ. ಆ ವಿಳಾಸ ಯಾರೂ ಕೊಟ್ಟದ್ದಲ್ಲ. ಕಂಪ್ಯೂಟರ್ ಕೇಳಿತು, ಉತ್ತರ ಬರಲಿಲ್ಲ, ಕೊನೆಗೆ 169.254.1.0ರಿಂದ 169.254.254.255ರ ನಡುವೆ ತಾನೇ ಒಂದನ್ನು ಆರಿಸಿಕೊಂಡಿತು. ಹೀಗೆ ಆಗಬೇಕಾದರೆ ಕೇಬಲ್ ಜೀವಂತ ಇರಬೇಕು, ನೆಟ್‌ವರ್ಕ್ ಕಾರ್ಡ್ ಕೆಲಸ ಮಾಡುತ್ತಿರಬೇಕು. ಕೇಬಲ್ ಸತ್ತಿದ್ದರೆ ವಿಂಡೋಸ್ ಈ ವಿಳಾಸವನ್ನೂ ತೋರಿಸುವುದಿಲ್ಲ, ಮೀಡಿಯಾ ಡಿಸ್‌ಕನೆಕ್ಟೆಡ್ ಎನ್ನುತ್ತದೆ. 169.254 ಕಂಡರೆ ಕ್ರಿಂಪಿಂಗ್ ಟೂಲ್ ಕೆಳಗಿಟ್ಟು ಸರ್ವರ್ ಕಡೆ ನಡೆಯಿರಿ.

ಮೊದಲು ಕೇಳಿಸಿಕೊಳ್ಳುವುದು

ಏನನ್ನೂ ಬದಲಿಸುವ ಮೊದಲು ತಂತಿಯ ಮೇಲೆ ಏನು ಹರಿಯುತ್ತಿದೆ ಎಂದು ನೋಡಬೇಕು. ಸ್ವಿಚ್ಚಿಗೆ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಚುಚ್ಚಿ, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ. ಪೋರ್ಟ್ 67 ಮತ್ತು 68 ಮಾತ್ರ ಸೋಸಿ, ಮ್ಯಾಕ್ ವಿಳಾಸ ಕಾಣಲು ‘-ಇ’, ಹೆಸರು ಹುಡುಕದಿರಲು ‘-ಎನ್’, ವಿವರಕ್ಕೆ ‘-ವಿ’ ಸೇರಿಸಿ. ಸರ್ವರ್ 67ರಲ್ಲಿ, ಕೇಳುವವರು 68ರಲ್ಲಿ, ಎರಡೂ ಯುಡಿಪಿ. ಟಿಸಿಪಿಡಂಪ್ ಪ್ರತಿ ಸಾಲಿನಲ್ಲೂ ‘ಬೂಟ್‌ಪಿ/ಡಿಎಚ್‌ಸಿಪಿ’ ಎಂದು ಬರೆಯುವುದನ್ನು ಕಂಡು ತಬ್ಬಿಬ್ಬಾಗುವುದು ಬೇಡ. 1985ರ ಬೂಟ್‌ಪಿ ಎಂಬ ಹಳೆಯ ನಿಯಮದ ಪ್ಯಾಕೆಟ್ ಆಕಾರವನ್ನೂ ಪೋರ್ಟ್‌ಗಳನ್ನೂ ಡಿಎಚ್‌ಸಿಪಿ ಹಾಗೆಯೇ ಉಳಿಸಿಕೊಂಡಿದೆ. ಬೂಟ್‌ಪಿಯಲ್ಲಿ ಯಾರಿಗೆ ಯಾವುದು ಎಂದು ಮೊದಲೇ ಪಟ್ಟಿ ಬರೆದಿಡಬೇಕಿತ್ತು. ಡಿಎಚ್‌ಸಿಪಿ ತಂದ ದೊಡ್ಡ ಬದಲಾವಣೆ ಎಂದರೆ ಅವಧಿ ಹಾಕಿ ಕೊಡುವುದು, ಅವಧಿ ಮುಗಿದರೆ ವಾಪಸ್ ಪಡೆಯುವುದು. ಇವತ್ತಿಗೂ ನಡೆಯುತ್ತಿರುವ ನಿಯಮಾವಳಿ 1997ರ ಮಾರ್ಚ್‌ನದು, ಆರ್‌ಎಫ್‌ಸಿ 2131.

ಒಂದು ಕಂಪ್ಯೂಟರ್ ಆನ್ ಮಾಡಿ ನೋಡಿದರೆ ನಾಲ್ಕು ಮಾತು ನಡೆಯುತ್ತವೆ. ಮೊದಲು ಡಿಸ್ಕವರ್: ತನಗಿನ್ನೂ ವಿಳಾಸ ಇಲ್ಲದ ಕಾರಣ 0.0.0.0ಯಿಂದ ಹೊರಟು 255.255.255.255ಕ್ಕೆ ಕೂಗು. ಆಮೇಲೆ ಆಫರ್: ಸರ್ವರ್ ಒಂದು ವಿಳಾಸ ತೋರಿಸುತ್ತದೆ. ಮೂರನೆಯದು ರಿಕ್ವೆಸ್ಟ್, ‘ಅದನ್ನೇ ಕೊಡಿ’ ಎಂಬ ಕೋರಿಕೆ; ನಾಲ್ಕನೆಯದು ಆಕ್, ‘ಕೊಟ್ಟೆ’ ಎಂಬ ಒಪ್ಪಿಗೆ. ರಿಕ್ವೆಸ್ಟ್ ಕೂಡ ಎಲ್ಲರಿಗೂ ಕೇಳುವಂತೆ ಕೂಗಿಯೇ ಹೋಗುತ್ತದೆ, ಆಫರ್ ಕೊಟ್ಟ ಸರ್ವರ್ ಯಾರೆಂದು ಗೊತ್ತಿದ್ದರೂ. ಕಾರಣ, ಜಾಲದಲ್ಲಿ ಎರಡು ಸರ್ವರ್ ಆಫರ್ ಕೊಟ್ಟಿದ್ದರೆ ಆಯ್ಕೆಯಾಗದ ಸರ್ವರ್‌ಗೂ ವಿಷಯ ತಿಳಿದು ಅದು ತನ್ನ ಆಫರ್ ಹಿಂದಕ್ಕೆ ತೆಗೆದುಕೊಳ್ಳಬೇಕು. ಯಾರನ್ನು ಆರಿಸಿದೆ ಎಂಬುದು ಸಂದೇಶದೊಳಗಿನ ಆಯ್ಕೆ (ಆಪ್ಷನ್) 54ರಲ್ಲಿ, ಅಂದರೆ ಸರ್ವರ್ ಐಡೆಂಟಿಫೈಯರ್‌ನಲ್ಲಿ ಇರುತ್ತದೆ. ಆ ಸಂಖ್ಯೆ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಎಷ್ಟೋ ಜನ ಎಡವುವ ಜಾಗ ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕವರ್ ಮತ್ತು ರಿಕ್ವೆಸ್ಟ್ ಕಾಣುತ್ತವೆ, ಆಫರ್ ಮತ್ತು ಆಕ್ ಕಾಣುವುದಿಲ್ಲ. ‘ಸರ್ವರ್ ಉತ್ತರ ಕೊಡುತ್ತಿಲ್ಲ’ ಎಂದು ತೀರ್ಮಾನಿಸಿ ಸರ್ವರ್ ಬಿಚ್ಚಲು ಕೂರುತ್ತಾರೆ. ನಿಜವಾಗಿ, ಕೇಳಿದವರು ಬ್ರಾಡ್‌ಕಾಸ್ಟ್ ಫ್ಲ್ಯಾಗ್ (ಉತ್ತರವನ್ನೂ ಕೂಗಿಯೇ ಹೇಳಿ ಎಂಬ ಗುರುತು) ಹಾಕಿರದಿದ್ದರೆ ಉತ್ತರ ನೇರವಾಗಿ ಅವರ ಮ್ಯಾಕ್ ವಿಳಾಸಕ್ಕೇ ಹೋಗುತ್ತದೆ, ಸ್ವಿಚ್ ಅದನ್ನು ಬೇರೆ ಪೋರ್ಟ್‌ಗಳಿಗೆ ಹಂಚುವುದಿಲ್ಲ. ನಾಲ್ಕೂ ಕಾಣಬೇಕೆಂದರೆ ಸರ್ವರ್ ಮೇಲೋ ತೊಂದರೆಯಿರುವ ಕಂಪ್ಯೂಟರ್ ಮೇಲೋ ಹಿಡಿಯಬೇಕು, ಇಲ್ಲವೇ ಸ್ವಿಚ್‌ನಲ್ಲಿ ಪೋರ್ಟ್ ಮಿರರ್ (ಒಂದು ಪೋರ್ಟಿನ ಪ್ಯಾಕೆಟ್‌ಗಳ ನಕಲು ಇನ್ನೊಂದಕ್ಕೂ ಹೋಗುವಂತೆ) ಮಾಡಬೇಕು. ಹಾಗಿದ್ದರೂ ಮೂರನೆಯವರಾಗಿ ಕೂತು ಒಂದನ್ನು ಖಚಿತವಾಗಿ ಹೇಳಬಹುದು: ಡಿಸ್ಕವರ್ ಆದ ಮೇಲೆ ರಿಕ್ವೆಸ್ಟ್ ಬಂದರೆ ಆಫರ್ ಬಂದಿದೆ ಎಂದೇ ಅರ್ಥ. ಬರೀ ಡಿಸ್ಕವರ್ ಮೇಲೆ ಡಿಸ್ಕವರ್, ನಡುವೆ 4, 8, 16, 32 ಸೆಕೆಂಡ್ ಎಂದು ಅಂತರ ಇಮ್ಮಡಿಯಾಗುತ್ತಾ ಹೋದರೆ ಯಾರೂ ಉತ್ತರಿಸುತ್ತಿಲ್ಲ. ನಮ್ಮ ಜಾಲದಲ್ಲಿ ಪೂಲ್ ತುಂಬಿದ ಹೊತ್ತಿಗೆ ಕಂಡದ್ದು ಈ ಎರಡನೆಯ ಚಿತ್ರ.

ಬೇಕಾದ ಸಾಮಾನು

ರಾಸ್ಪ್‌ಬೆರಿ ಪೈ 4 ಒಂದು, ಮೆಮೊರಿ ಎಷ್ಟಿದ್ದರೂ ನಡೆಯುತ್ತದೆ. 5 ವೋಲ್ಟ್ 3 ಆಂಪಿಯರ್ ಪವರ್ ಸಪ್ಲೈ. 16 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ ಎರಡು, ಒಂದು ಬದಲಿಗೆ. ಕ್ಯಾಟ್ 5ಇ ಪ್ಯಾಚ್ ಕೇಬಲ್ ಒಂದು. ಡಿಎಸ್3231 ರಿಯಲ್ ಟೈಮ್ ಕ್ಲಾಕ್ (ಬ್ಯಾಟರಿ ಗಡಿಯಾರ) ಮಾಡ್ಯೂಲ್ ಒಂದು. ಒಂದೊಂದು ಡಿಎಚ್‌ಸಿಪಿ ಸಂದೇಶ 300 ಬೈಟ್ ಆಸುಪಾಸಿನದು, ಒಂದು ಲೀಸ್‌ಗೆ ನಾಲ್ಕು ಸಂದೇಶ. ಹಾಗಾಗಿ ಹಳೆಯ ಪೈ 3 ಇದ್ದರೂ ಧಾರಾಳ ಸಾಕು. ವೇಗಕ್ಕಿಂತ ಸದಾ ಎಚ್ಚರ ಇರುವುದು ಮುಖ್ಯ: ಸ್ವಿಚ್ ಯಾವ ಯುಪಿಎಸ್ ಮೇಲಿದೆಯೋ ಪೈ ಕೂಡ ಅದರ ಮೇಲೇ ಇರಲಿ, ಕೇಬಲ್ ನೇರ ಮುಖ್ಯ ಸ್ವಿಚ್ಚಿಗೆ ಹೋಗಲಿ. ವೈ-ಫೈ ಮೇಲೆ ಡಿಎಚ್‌ಸಿಪಿ ಸರ್ವರ್ ಕೂರಿಸಬೇಡಿ.

ಗಡಿಯಾರ ಏಕೆ ಬೇಕು ಎಂಬುದಕ್ಕೆ ಮುಂದೆ ಬರುತ್ತೇವೆ. ಅದು ಬೇಕೇ ಬೇಕು.

ಕಾಗದದ ಮೇಲೆ ವಿಳಾಸ ಹಂಚಿಕೆ

ಸಾಫ್ಟ್‌ವೇರ್ ಮುಟ್ಟುವ ಮೊದಲು ಒಂದು ಹಾಳೆ ಬೇಕು. 192.168.0 ಮತ್ತು 192.168.1 ಎಷ್ಟೋ ರೌಟರ್‌ಗಳು ಕಾರ್ಖಾನೆಯಿಂದಲೇ ಹೊತ್ತು ಬರುವ ಸಬ್‌ನೆಟ್‌ಗಳು, ಅಂದರೆ ವಿಳಾಸಗಳ ಗುಂಪುಗಳು. ಮನೆಯಿಂದ ವಿಪಿಎನ್ ಹಾಕಿ ಒಳಗೆ ಬರುವವರ ಮನೆಯಲ್ಲೂ ಅದೇ ಸಬ್‌ನೆಟ್ ಇದ್ದರೆ ಪ್ಯಾಕೆಟ್ ವಿಪಿಎನ್ ಕಡೆ ತಿರುಗದೆ ಮನೆಯೊಳಗೇ ಸುತ್ತುತ್ತದೆ. ಹೇಗೂ ಕೈ ಹಾಕಿದ್ದೇವೆ, ಹಾಗಾಗಿ ಇದೇ ಸಲ 192.168.47.0ಕ್ಕೆ, ಮಾಸ್ಕ್ 255.255.255.0 ಇಟ್ಟು, ಬದಲಾಯಿಸುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕೆಲಸ ಒಂದಿಷ್ಟು ಹೆಚ್ಚುತ್ತದೆ, ಆದರೆ ಮತ್ತೆ ಮತ್ತೆ ಮಾಡುವ ಕೆಲಸವಲ್ಲ.

ಹಂಚಿದ್ದು ಹೀಗೆ. ಕೊನೆಯ ಅಂಕಿ 1 ರೌಟರಿಗೆ, 2 ಪೈಗೆ, 3ರಿಂದ 9 ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟ್‌ಗಳಿಗೆ. 10ರಿಂದ 59 ಪ್ರಿಂಟರ್, ಕ್ಯಾಮೆರಾ, ಫೈಲ್ ಸರ್ವರ್‌ಗಳಿಗೆ ರಿಸರ್ವೇಶನ್. 60ರಿಂದ 99 ಖಾಲಿ. 100ರಿಂದ 239 ಪೂಲ್, ಒಟ್ಟು 140. 240ರಿಂದ 254 ದುರಸ್ತಿ ಮಾಡುವವರು ಕೈಯಾರೆ ಹಾಕಿಕೊಂಡು ಕೆಲಸ ಮುಗಿದ ಮೇಲೆ ತೆಗೆಯಲು.

140 ಸಾಕೇ ಎಂಬುದು ಲೀಸ್ ಅವಧಿಯ ಮೇಲೆ ನಿಂತಿದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಹೊಸ ಫೋನ್ ಬರುತ್ತವೆ, ಒಂದೊಂದೂ ಒಂದು ಗಂಟೆ ಇರುತ್ತದೆ ಎನ್ನೋಣ. ಲೀಸ್ 24 ಗಂಟೆ ಇಟ್ಟರೆ 8 ಗಂಟೆಯ ಹೊತ್ತಿಗೆ 160 ವಿಳಾಸ ಫೋನ್‌ಗಳೇ ಹಿಡಿದಿರುತ್ತವೆ. ಕಾಯಂ 40 ಸೇರಿದರೆ 200, ಪೂಲ್ ಒಡೆಯುತ್ತದೆ. ಲೀಸ್ 2 ಗಂಟೆ ಇಟ್ಟರೆ ಒಂದು ಫೋನ್ ಹೆಚ್ಚೆಂದರೆ ಇದ್ದ 1 ಗಂಟೆ, ಹೋದ ಮೇಲೆ 2 ಗಂಟೆ, ಒಟ್ಟು 3 ಗಂಟೆ ವಿಳಾಸ ಹಿಡಿಯುತ್ತದೆ. 20ರ 3 ಪಟ್ಟು 60, ಕಾಯಂ 40 ಸೇರಿ 100. ಆರಾಮ. ಎಲ್ಲ ಸಾಧನಕ್ಕೂ ಪೂಲಿನಿಂದಲೇ ಹೋದರೂ ಇಷ್ಟು. ರಿಸರ್ವೇಶನ್ ಆದವು ಪೂಲಿನ ಹೊರಗಿರುವುದರಿಂದ ಇನ್ನೂ ಸಡಿಲ.

ಹಾಗಾದರೆ 10 ನಿಮಿಷ ಇಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಕಂಪ್ಯೂಟರ್ ಲೀಸ್‌ನ ಅರ್ಧ ಅವಧಿಗೆ ಕೊಟ್ಟ ಸರ್ವರನ್ನೇ ನೇರ ಕೇಳಿ ನವೀಕರಿಸುತ್ತದೆ; ಅದು ಉತ್ತರಿಸದಿದ್ದರೆ ಶೇ. 87.5ರ ಹೊತ್ತಿಗೆ ಯಾವ ಸರ್ವರ್ ಆದರೂ ಸರಿ ಎಂದು ಎಲ್ಲರಿಗೂ ಕೂಗುತ್ತದೆ. 2 ಗಂಟೆಯ ಲೀಸ್‌ಗೆ ಇವು 1 ಗಂಟೆ, ಮತ್ತು 1 ಗಂಟೆ 45 ನಿಮಿಷ. ಅಂದರೆ ಪೈ ಸತ್ತುಬಿದ್ದ ಕ್ಷಣದಲ್ಲಿ ಆನ್ ಇರುವ ಪ್ರತಿಯೊಂದು ಕಂಪ್ಯೂಟರಿಗೂ ಕನಿಷ್ಠ 1 ಗಂಟೆ ಉಳಿದಿರುತ್ತದೆ. ಬದಲಿ ಕಾರ್ಡ್ ಹಾಕಿ ಎಬ್ಬಿಸಲು ಆ ಒಂದು ಗಂಟೆ ನಮಗೆ ಸಿಗುವ ಸಮಯ. 10 ನಿಮಿಷ ಇಟ್ಟರೆ ಸಿಗುವುದು 5. ರಿಸರ್ವೇಶನ್ ಇರುವ ಪ್ರಿಂಟರ್, ಕ್ಯಾಮೆರಾಗಳಿಗೆ 24 ಗಂಟೆ ಕೊಟ್ಟರೆ ಅವಕ್ಕೆ ಕನಿಷ್ಠ 12 ಗಂಟೆ ಭದ್ರ.

ಪೈ ಸಿದ್ಧಪಡಿಸಿದ್ದು

ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿ ಹಾಕಿ, ಹಳೆಯ ಜಾಲದಲ್ಲೇ ಇಂಟರ್ನೆಟ್ ಇರುವಾಗ ಡಿಎನ್‌ಎಸ್‌ಮ್ಯಾಸ್ಕ್ ಇನ್‌ಸ್ಟಾಲ್ ಮಾಡಿಕೊಳ್ಳಿ. ಇನ್‌ಸ್ಟಾಲ್ ಆದ ಕೂಡಲೇ ಅದು ತಾನೇ ಶುರುವಾಗುತ್ತದೆ, ಆದರೆ ರೇಂಜ್ ಬರೆಯದೆ ಯಾರಿಗೂ ವಿಳಾಸ ಕೊಡುವುದಿಲ್ಲ, ಭಯವಿಲ್ಲ. ಪೈಯ ಸ್ವಂತ ವಿಳಾಸವನ್ನು ಕೈಯಾರೆ ಹಾಕಬೇಕು, ಕೊಡುವವನೇ ಬೇರೆಯವರ ಬಳಿ ಕೇಳುವಂತಿರಬಾರದು. ಬುಕ್‌ವರ್ಮ್ ಆವೃತ್ತಿಯಿಂದ ಈಚೆಗೆ ಇದು ನೆಟ್‌ವರ್ಕ್ ಮ್ಯಾನೇಜರ್ ಕೈಯಲ್ಲಿದೆ. ಅದರ ಆಜ್ಞೆ ಎನ್‌ಎಂಸಿಎಲ್‌ಐ ಮೂಲಕ ತಂತಿ ಸಂಪರ್ಕದ ಐಪಿವಿ4 ಮೆಥಡ್ ಅನ್ನು ಮ್ಯಾನ್ಯುವಲ್ ಮಾಡಿ, ವಿಳಾಸ 192.168.47.2/24, ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲು) 192.168.47.1 ಕೊಡಿ. ಹಳೆಯ ಬರಹಗಳು ಹೇಳುವ ಡಿಎಚ್‌ಸಿಪಿಸಿಡಿ ಫೈಲ್‌ನಲ್ಲಿ ಬರೆದರೆ ಈಗ ಯಾರೂ ಓದುವುದಿಲ್ಲ.

ಡಿಎನ್‌ಎಸ್‌ಮ್ಯಾಸ್ಕ್ ಸೆಟ್ಟಿಂಗ್ ಫೈಲ್‌ನಲ್ಲಿ ಬೇಕಾದ ಸಾಲುಗಳು ಏಳೇ. ಪೋರ್ಟ್ ಸೊನ್ನೆ: ಇದರಿಂದ ಡಿಎನ್‌ಎಸ್ ಕೆಲಸ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು) ನಿಂತು ಡಿಎಚ್‌ಸಿಪಿ ಮಾತ್ರ ಉಳಿಯುತ್ತದೆ. ಇಂಟರ್‌ಫೇಸ್: ತಂತಿಯದು. ಡಿಎಚ್‌ಸಿಪಿ-ರೇಂಜ್: 192.168.47.100, 192.168.47.239, 255.255.255.0, 2 ಗಂಟೆ. ಡಿಎಚ್‌ಸಿಪಿ-ಆಪ್ಷನ್ ಎರಡು ಸಾಲು: ರೌಟರ್ ಎಂದು 192.168.47.1, ಡಿಎನ್‌ಎಸ್-ಸರ್ವರ್ ಎಂದು ಅದೇ 192.168.47.1. ಡಿಎಚ್‌ಸಿಪಿ-ಅಥಾರಿಟೇಟಿವ್. ಕೊನೆಗೆ ಲಾಗ್-ಡಿಎಚ್‌ಸಿಪಿ. ಉಳಿಸಿ, ಶುರು ಮಾಡುವ ಮೊದಲು ಡಿಎನ್‌ಎಸ್‌ಮ್ಯಾಸ್ಕ್‌ಗೆ ‘--ಟೆಸ್ಟ್’ ಕೊಟ್ಟು ವ್ಯಾಕರಣ ತಪ್ಪಿಲ್ಲವೆಂದು ನೋಡಿಕೊಳ್ಳಿ.

ರೌಟರ್ ಸಾಲನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ಅತಿ ಸಾಮಾನ್ಯ ತಪ್ಪು. ಬೇರೆ ಹೇಳದಿದ್ದರೆ ಡಿಎನ್‌ಎಸ್‌ಮ್ಯಾಸ್ಕ್ ತಾನು ಓಡುತ್ತಿರುವ ಯಂತ್ರವನ್ನೇ ಗೇಟ್‌ವೇ ಎಂದು ಎಲ್ಲರಿಗೂ ಹೇಳುತ್ತದೆ. ಎಲ್ಲರಿಗೂ ಸರಿಯಾದ ವಿಳಾಸ ಬರುತ್ತದೆ, ಪ್ರಿಂಟರ್ ಕಾಣುತ್ತದೆ, ಒಬ್ಬರಿಗೊಬ್ಬರು ಪಿಂಗ್ ಆಗುತ್ತಾರೆ (‘ಇದ್ದೀಯಾ’ ಎಂದು ಕೇಳಿದರೆ ಉತ್ತರ ಬರುತ್ತದೆ), ಇಂಟರ್ನೆಟ್ ಮಾತ್ರ ಇಲ್ಲ. ತಪ್ಪು ಇಂಟರ್ನೆಟ್ ಸಂಪರ್ಕದ್ದು ಎಂದು ಕಂಪನಿಗೆ ಫೋನ್ ಮಾಡಿ ದಿನ ಕಳೆಯುತ್ತಾರೆ. ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟು ಡಿಫಾಲ್ಟ್ ಗೇಟ್‌ವೇ ಸಾಲು 47.2 ಎನ್ನುತ್ತಿದೆಯೇ ಎಂದು ನೋಡಿದರೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ಡಿಎನ್‌ಎಸ್ ಸಾಲನ್ನೂ ಹೀಗೇ ಬಿಡುವಂತಿಲ್ಲ. ಪೋರ್ಟ್ ಸೊನ್ನೆ ಮಾಡಿದ ಮೇಲೆ ಹೆಸರು ಬಿಡಿಸಲು ಯಾರನ್ನು ಕೇಳಬೇಕು ಎಂಬುದನ್ನು ನಾವೇ ಬರೆಯಬೇಕು.

ಅಥಾರಿಟೇಟಿವ್ ಎಂಬ ಒಂದು ಪದದ ಸಾಲಿಗೆ ದೊಡ್ಡ ಬೆಲೆ ಇದೆ. ಜಾಲದಲ್ಲಿ ಡಿಎಚ್‌ಸಿಪಿ ಸರ್ವರ್ ನಾನೊಬ್ಬನೇ ಎಂಬ ಘೋಷಣೆ ಅದು. ತನ್ನ ಪುಸ್ತಕದಲ್ಲಿ (ಕೊಟ್ಟ ಲೀಸ್‌ಗಳ ಪಟ್ಟಿ) ಇಲ್ಲದ ಲೀಸ್ ಹಿಡಿದು ಯಾರಾದರೂ ಬಂದರೆ ಸುಮ್ಮನಿರದೆ ಉತ್ತರಿಸುತ್ತದೆ. ಕಾರ್ಡ್ ಕೆಟ್ಟು ಪುಸ್ತಕವೇ ಹೋದರೂ, ಜನ ನವೀಕರಣಕ್ಕೆ ಬಂದಂತೆಲ್ಲ ಲೆಕ್ಕ ಮತ್ತೆ ತುಂಬಿಕೊಳ್ಳುತ್ತದೆ. ಎರಡು ಡಿಎಚ್‌ಸಿಪಿ ಸರ್ವರ್ ಇರುವ ಜಾಲದಲ್ಲಿ ಇದನ್ನು ಹಾಕಕೂಡದು.

ರಿಸರ್ವೇಶನ್‌ಗೆ ಡಿಎಚ್‌ಸಿಪಿ-ಹೋಸ್ಟ್ ಸಾಲುಗಳು: ಮ್ಯಾಕ್ ವಿಳಾಸ, ಕೊಡಬೇಕಾದ ಐಪಿ, ಹೆಸರು, 24 ಗಂಟೆ. ಉದಾಹರಣೆಗೆ 00:00:5ಇ:00:53:10, 192.168.47.10, ಪ್ರಿಂಟರ್1. ಪ್ರಿಂಟರಿನ ಪರದೆಯಲ್ಲಿ ಕೈಯಾರೆ ಸ್ಥಿರ ವಿಳಾಸ ಹಾಕುವುದಕ್ಕಿಂತ ಇದು ಎಷ್ಟೋ ಪಾಲು ಮೇಲು. ಮುಂದೊಂದು ದಿನ ಗೇಟ್‌ವೇಯೋ ಸಬ್‌ನೆಟ್ಟೋ ಬದಲಾದರೆ ಒಂದೇ ಫೈಲ್ ತಿದ್ದಿದರೆ ಮುಗಿಯಿತು, ಪ್ರತಿ ಸಾಧನದ ಮುಂದೆ ಹೋಗಿ ಗುಂಡಿ ಒತ್ತುತ್ತಾ ಕೂರಬೇಕಿಲ್ಲ.

ಗಡಿಯಾರ

ಡಿಎನ್‌ಎಸ್‌ಮ್ಯಾಸ್ಕ್‌ನ ಲೀಸ್ ಪುಸ್ತಕ ಒಂದು ಸಾದಾ ಪಠ್ಯ ಫೈಲ್, /ವಾರ್/ಲಿಬ್/ಮಿಸ್ಕ್ ಒಳಗೆ ಇರುತ್ತದೆ. ಒಂದು ಲೀಸ್‌ಗೆ ಒಂದು ಸಾಲು, ಸಾಲಿನಲ್ಲಿ ಐದು ಕಂಬ: ಲೀಸ್ ಮುಗಿಯುವ ಸಮಯ, ಮ್ಯಾಕ್, ಐಪಿ, ಹೆಸರು, ಕ್ಲೈಂಟ್ ಐಡಿ. ಮೊದಲ ಕಂಬ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿದೆ. ಅಂದರೆ ಇಡೀ ಪುಸ್ತಕ ಪೈಯ ಗಡಿಯಾರವನ್ನು ನಂಬಿದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ.

ಕರೆಂಟ್ ಹೋಗಿ ಯುಪಿಎಸ್ ಕೂಡ ಬರಿದಾಗಿ, 3 ಗಂಟೆ ಬಿಟ್ಟು ಎಲ್ಲ ಒಟ್ಟಿಗೆ ಎದ್ದವು ಎನ್ನೋಣ. ಪೈ 3 ಗಂಟೆ ಹಿಂದಿನ ಸಮಯ ಹಿಡಿದು ಎಚ್ಚರಾಗುತ್ತದೆ. ಇಂಟರ್ನೆಟ್ ಇನ್ನೂ ಬಂದಿಲ್ಲ, ಸರಿ ಸಮಯ ಕೇಳಲು ದಾರಿಯಿಲ್ಲ. ಆ ಹೊತ್ತಿಗೆ ಒಂದು ಕಂಪ್ಯೂಟರಿಗೆ 2 ಗಂಟೆಯ ಲೀಸ್ ಕೊಡುತ್ತದೆ. ಪುಸ್ತಕದಲ್ಲಿ ಬರೆಯುವ ಮುಕ್ತಾಯ ಸಮಯ ನಿಜ ಸಮಯಕ್ಕಿಂತ 1 ಗಂಟೆ ಹಿಂದಿನದು. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ ಬಂದು ಗಡಿಯಾರ 3 ಗಂಟೆ ಮುಂದಕ್ಕೆ ಜಿಗಿಯುತ್ತದೆ. ಪೈ ಲೆಕ್ಕದಲ್ಲಿ ಆ ಲೀಸ್ ಮುಗಿದೇ ಹೋಯಿತು, ವಿಳಾಸ ಖಾಲಿ. ಕಂಪ್ಯೂಟರ್ ಲೆಕ್ಕದಲ್ಲಿ ಇನ್ನೂ ಎರಡು ಗಂಟೆಯ ಹತ್ತಿರ ಬಾಕಿ. ಅದೇ ವಿಳಾಸ ಇನ್ನೊಬ್ಬರಿಗೆ ಹೋಗಬಹುದು. ಆಫರ್ ಕೊಡುವ ಮೊದಲು ಡಿಎನ್‌ಎಸ್‌ಮ್ಯಾಸ್ಕ್ ಆ ವಿಳಾಸಕ್ಕೆ ಒಮ್ಮೆ ಪಿಂಗ್ ಮಾಡಿ ನೋಡುವುದರಿಂದ ಹೆಚ್ಚಿನ ಸಲ ಬಚಾವ್. ಆದರೆ ಫೈರ್‌ವಾಲ್ ಹಾಕಿಕೊಂಡು ಪಿಂಗ್‌ಗೆ ಉತ್ತರಿಸದ ಕಂಪ್ಯೂಟರ್ ಇದ್ದರೆ ಆ ಕಾವಲೂ ತಪ್ಪುತ್ತದೆ.

ಡಿಎಸ್3231 ಮಾಡ್ಯೂಲನ್ನು ಪಿನ್ 1ಕ್ಕೆ 3.3 ವೋಲ್ಟ್, 3ಕ್ಕೆ ಎಸ್‌ಡಿಎ, 5ಕ್ಕೆ ಎಸ್‌ಸಿಎಲ್, 9ಕ್ಕೆ ಗ್ರೌಂಡ್ ಬರುವಂತೆ ಜೋಡಿಸಿ. ಐ2ಸಿ (ಪೈ ಈ ಮಾಡ್ಯೂಲಿನ ಜೊತೆ ಮಾತಾಡುವ ದಾರಿ) ಆನ್ ಮಾಡಿ, ಬೂಟ್ ಕಾನ್ಫಿಗ್ ಫೈಲ್‌ನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಸೇರಿಸಿ ಡಿಎಸ್3231 ಎಂದು ಕೊಡಿ. ಐ2ಸಿಡಿಟೆಕ್ಟ್ ಓಡಿಸಿದರೆ 68ರ ಜಾಗದಲ್ಲಿ ಯುಯು ಎಂದು ಕಂಡರೆ ಡ್ರೈವರ್ ಹಿಡಿದುಕೊಂಡಿದೆ, ಬರೀ 68 ಎಂದಿದ್ದರೆ ಚಿಪ್ ಇದೆ, ಡ್ರೈವರ್ ಬಂದಿಲ್ಲ. ಗಡಿಯಾರದ ಬದಲು ಕೊನೆಯ ಸಮಯ ಉಳಿಸಿಡುವ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜ್ ಇದ್ದರೆ ತೆಗೆದುಹಾಕಿ, ಸಮಯ ಸರಿ ಇರುವಾಗ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು ಕೊಟ್ಟು ಬರೆದಿಡಿ. ಬ್ಯಾಟರಿ ವಿಷಯದಲ್ಲಿ ಎಚ್ಚರ: ಕೆಲವು ದೊಡ್ಡ ನೀಲಿ ಮಾಡ್ಯೂಲ್‌ಗಳಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇದೆ, ಅದು ರೀಚಾರ್ಜ್ ಆಗುವ ಎಲ್‌ಐಆರ್2032 ಸೆಲ್‌ಗೆ ಮಾಡಿದ್ದು. ಮಾಮೂಲಿ ಸಿಆರ್2032 ಹಾಕುವುದಾದರೆ ಮೊದಲು ಆ ಸರ್ಕ್ಯೂಟಿನ ಡಯೋಡ್ ತೆಗೆಯಬೇಕು. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಉಬ್ಬಿ ಸೋರಬಹುದು.

ಬದಲಿಸಿದ ರಾತ್ರಿ

ಅರ್ಧ ಕೆಲಸ ಹಿಂದಿನ ದಿನವೇ ಮುಗಿದಿರಬೇಕು. 24 ಗಂಟೆ ಮೊದಲು ಹಳೆಯ ರೌಟರಿನಲ್ಲಿ ಲೀಸ್ ಅವಧಿಯನ್ನು 10 ನಿಮಿಷಕ್ಕೆ ಇಳಿಸಿ. 24 ಗಂಟೆಯ ಲೀಸ್ ಹಿಡಿದವರು ನವೀಕರಣಕ್ಕೆ ಬರುವುದು 12 ಗಂಟೆಗೆ ಒಮ್ಮೆ; ಒಂದು ಪೂರ್ತಿ ದಿನ ಬಿಟ್ಟರೆ ಆನ್ ಇರುವ ಎಲ್ಲರ ಕೈಯಲ್ಲೂ 10 ನಿಮಿಷದ ಲೀಸ್ ಇರುತ್ತದೆ. ಈ ಹೆಜ್ಜೆ ಬಿಟ್ಟರೆ ಬೆಳಿಗ್ಗೆ ಅರ್ಧ ಜನ ಹಳೆಯ ಸಬ್‌ನೆಟ್‌ನಲ್ಲಿ, ಅರ್ಧ ಜನ ಹೊಸದರಲ್ಲಿ ಇರುತ್ತಾರೆ.

ಆಮೇಲಿನ ಅನುಕ್ರಮ ಇದು: ರೌಟರಿನಲ್ಲಿ ಡಿಎಚ್‌ಸಿಪಿ ಆಫ್, ಕೂಡಲೇ ಅದರ ಲ್ಯಾನ್ ವಿಳಾಸ 192.168.47.1. ಇಷ್ಟು ಮಾಡಿದ ಕ್ಷಣ ಬ್ರೌಸರ್ ಪುಟ ನೇತಾಡುತ್ತದೆ, ಏಕೆಂದರೆ ನೀವು ಹಳೆಯ ಸಬ್‌ನೆಟ್‌ನಲ್ಲಿದ್ದೀರಿ. ಲ್ಯಾಪ್‌ಟಾಪ್‌ಗೆ ಕೈಯಾರೆ 192.168.47.250 ಹಾಕಿಕೊಂಡು ರೌಟರ್ ಮತ್ತೆ ಸಿಗುತ್ತದೆಯೇ ನೋಡಿ. ಸಿಕ್ಕರೆ ಪೈಯನ್ನು ಹೊಸ ವಿಳಾಸಕ್ಕೆ ಎಬ್ಬಿಸಿ, ಡಿಎನ್‌ಎಸ್‌ಮ್ಯಾಸ್ಕ್ ಶುರು ಮಾಡಿ, ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ಹರಿಯಬಿಟ್ಟು ಕೂರಿ. ಹಳೆಯವರು ಮೊದಲು 192.168.1.1ನ್ನು ನೇರ ಕೇಳುತ್ತಾರೆ, ಅಲ್ಲಿ ಯಾರೂ ಇಲ್ಲ. 8 ನಿಮಿಷ 45 ಸೆಕೆಂಡಿಗೆ ಎಲ್ಲರಿಗೂ ಕೂಗುತ್ತಾರೆ. ಪೈ ‘ಆ ವಿಳಾಸ ಇಲ್ಲಿ ನಡೆಯದು’ ಎಂದು ನ್ಯಾಕ್ ಕಳಿಸುತ್ತದೆ, ಅವರು ಹೊಸದಾಗಿ ಡಿಸ್ಕವರ್‌ನಿಂದ ಶುರು ಮಾಡುತ್ತಾರೆ. ನ್ಯಾಕ್ ತಲುಪದಿದ್ದರೂ 10ನೇ ನಿಮಿಷಕ್ಕೆ ಲೀಸ್ ಮುಗಿದು ಅದೇ ದಾರಿಗೆ ಬರುತ್ತಾರೆ.

ಲಾಗ್‌ನಲ್ಲಿ ಎರಡು ವಿಷಯ ಕಂಡು ಗಾಬರಿ ಬೇಡ. ಮೊದಲು ಬಂದವರಿಗೆ 100 ಸಿಗುವುದಿಲ್ಲ, 143 ಅಥವಾ 218 ಎಂದು ಎಲ್ಲೆಲ್ಲೋ ಹಂಚುತ್ತದೆ. ಮ್ಯಾಕ್ ವಿಳಾಸದಿಂದ ಲೆಕ್ಕ ಹಾಕಿ ಜಾಗ ಆರಿಸುವುದು ಡಿಎನ್‌ಎಸ್‌ಮ್ಯಾಸ್ಕ್‌ನ ರೀತಿ, ಇದರಿಂದ ಅದೇ ಫೋನಿಗೆ ಮತ್ತೆ ಬಂದಾಗ ಅದೇ ವಿಳಾಸ ಸಿಗುವ ಸಂಭವ ಹೆಚ್ಚು. ಇನ್ನೊಂದು, ಡಿಸ್ಕವರ್ ಮತ್ತು ಆಫರ್ ನಡುವೆ ಮೂರು ಸೆಕೆಂಡ್‌ವರೆಗೆ ಬಿಡುವು. ಅದು ಆಗಲೇ ಹೇಳಿದ ಪಿಂಗ್ ಪರೀಕ್ಷೆ.

ಆಮೇಲೆ ಎದ್ದ ತಕರಾರುಗಳು

ಎರಡು ಕ್ಯಾಮೆರಾ ಕಾಣೆ. ಅವಕ್ಕೆ ಹಿಂದೆ ಯಾರೋ 192.168.1ರ ಸ್ಥಿರ ವಿಳಾಸ ಹಾಕಿದ್ದರು. ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ 192.168.1.250 ಕೊಟ್ಟು ಎಆರ್‌ಪಿ-ಸ್ಕ್ಯಾನ್ (ಎಆರ್‌ಪಿ ಎಂದರೆ ಒಂದು ಐಪಿ ಯಾವ ಮ್ಯಾಕ್‌ನದು ಎಂದು ಕೇಳುವ ರೀತಿ) ಓಡಿಸಿದರೆ ಸಿಗುತ್ತವೆ. ತಂತಿ ಅದೇ ಇರುವುದರಿಂದ ಹಳೆಯ ಸಬ್‌ನೆಟ್ ಇನ್ನೂ ಮಾತಾಡುತ್ತದೆ. ಅದರಲ್ಲೊಂದು 192.168.1.120ರಲ್ಲಿತ್ತು, ಹಳೆಯ ಪೂಲಿನ ನಟ್ಟನಡುವೆ. ಮೂರನೆಯ ದೂರಿನ ಕಾರಣ ಅಲ್ಲಿ ಸಿಕ್ಕಿತು. ಆಕ್ ಸಿಕ್ಕ ಮೇಲೆ ಕಂಪ್ಯೂಟರ್ ‘ಈ ವಿಳಾಸ ಯಾರದಾದರೂ ಇದೆಯೇ’ ಎಂದು ಎಆರ್‌ಪಿಯಲ್ಲಿ ಕೇಳುತ್ತದೆ; ಕ್ಯಾಮೆರಾ ‘ನನ್ನದು’ ಎಂದರೆ ಕಂಪ್ಯೂಟರ್ ಸರ್ವರಿಗೆ ಡಿಕ್ಲೈನ್ ಕಳಿಸಿ ಬೇರೆಯದು ಕೇಳುತ್ತದೆ. ಕ್ಯಾಮೆರಾ ಆಫ್ ಇದ್ದಾಗ ಕೊಟ್ಟು, ಆಮೇಲೆ ಕ್ಯಾಮೆರಾ ಎದ್ದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಎರಡೂ ಕ್ಯಾಮೆರಾಗಳನ್ನು ಡಿಎಚ್‌ಸಿಪಿಗೆ ತಿರುಗಿಸಿ ಪೈಯಲ್ಲಿ ರಿಸರ್ವೇಶನ್ ಕೊಟ್ಟದ್ದಾಯಿತು.

ಫೋನ್‌ಗಳಿಗೆ ಮ್ಯಾಕ್ ಮೇಲೆ ಕಟ್ಟಿದ ರಿಸರ್ವೇಶನ್ ಹಿಡಿಯುವುದಿಲ್ಲ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನ್‌ಗಳು ವೈ-ಫೈಗೆ ತಮ್ಮ ನಿಜ ಮ್ಯಾಕ್ ಬದಲು ಹುಟ್ಟಿಸಿದ ಮ್ಯಾಕ್ ತೋರಿಸುತ್ತವೆ. ಗುರುತಿಸುವುದು ಸುಲಭ: ಮ್ಯಾಕ್‌ನ ಎರಡನೆಯ ಅಂಕಿ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯದಲ್ಲ. ಸ್ಥಿರ ವಿಳಾಸ ಬೇಕೇ ಬೇಕಾದ ಫೋನಿನಲ್ಲಿ ಈ ಜಾಲಕ್ಕಷ್ಟೇ ಖಾಸಗಿ ವಿಳಾಸ ಆಫ್ ಮಾಡಿ.

ಎರಡು ವರ್ಚುವಲ್ ಮಷೀನ್‌ಗಳಿಗೆ (ಒಂದು ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಕಂಪ್ಯೂಟರ್‌ಗಳು) ಮ್ಯಾಕ್ ಬೇರೆ ಬೇರೆ, ಆದರೂ ಒಂದೇ ಐಪಿ. ಒಂದೇ ಉಬುಂಟು ಟೆಂಪ್ಲೇಟಿನಿಂದ ನಕಲು ಮಾಡಿದವು. ಉಬುಂಟು ಸರ್ವರ್ ತನ್ನ ಗುರುತನ್ನು ಮ್ಯಾಕ್‌ನಿಂದಲ್ಲ, ಮಷೀನ್-ಐಡಿ ಫೈಲ್‌ನಿಂದ ಕಟ್ಟಿ ಆಯ್ಕೆ 61ರಲ್ಲಿ ಕಳಿಸುತ್ತದೆ. ಸರ್ವರ್ ಕಣ್ಣಿಗೆ ಇಬ್ಬರೂ ಒಬ್ಬರೇ. ಲೀಸ್ ಪುಸ್ತಕದ ಐದನೇ ಕಂಬ ನೋಡಿದರೆ ಗೊತ್ತಾಗುತ್ತದೆ. ಟೆಂಪ್ಲೇಟಿನಲ್ಲಿ ಮಷೀನ್-ಐಡಿ ಫೈಲನ್ನು ಅಳಿಸದೆ ಬರಿದು ಮಾಡಿಟ್ಟರೆ ಪ್ರತಿ ನಕಲೂ ಮೊದಲ ಬೂಟ್‌ನಲ್ಲಿ ಹೊಸದು ಬರೆದುಕೊಳ್ಳುತ್ತದೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಬರೆಯುವ ನೆಟ್‌ಪ್ಲ್ಯಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಮ್ಯಾಕ್ ಎಂದು ಕೊಟ್ಟರೂ ಆಗುತ್ತದೆ.

ಒಂದು ಮೂಲೆಯ ಕಂಪ್ಯೂಟರ್‌ಗಳಿಗೆ ಮಾತ್ರ 192.168.0ರ ವಿಳಾಸ. ಐಪಿಕಾನ್ಫಿಗ್ /ಆಲ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ಆಗಲೇ ಹೇಳಿದ ಆಯ್ಕೆ 54, ಅಲ್ಲಿ 47.2 ಬದಲು 192.168.0.1 ಇತ್ತು. ಯಾರೋ ವೈ-ಫೈ ಸಾಲದೆಂದು ಒಂದು ಚಿಕ್ಕ ರೌಟರನ್ನು ಲ್ಯಾನ್ ಪೋರ್ಟಿನಿಂದ ಸ್ವಿಚ್ಚಿಗೆ ಚುಚ್ಚಿದ್ದರು. ಇಬ್ಬರು ಆಫರ್ ಕೊಟ್ಟರೆ ಸಾಮಾನ್ಯವಾಗಿ ಮೊದಲು ಬಂದ ಆಫರ್ ಗೆಲ್ಲುತ್ತದೆ, ಪಿಂಗ್ ಮಾಡಿ ನೋಡುವ ಪೈ ನಿಧಾನ. ಎಆರ್‌ಪಿ ಪಟ್ಟಿಯಿಂದ 192.168.0.1ರ ಮ್ಯಾಕ್ ತೆಗೆದುಕೊಂಡು ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದರೆ ಯಾವ ಪೋರ್ಟ್ ಎಂದು ಸಿಗುತ್ತದೆ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಆನ್ ಮಾಡಿ ಪೈ ಇರುವ ಪೋರ್ಟನ್ನು ಮಾತ್ರ ಟ್ರಸ್ಟೆಡ್ ಎಂದು ಗುರುತಿಸಿ. ಬೇರೆ ಪೋರ್ಟಿನಿಂದ ಬರುವ ಆಫರ್ ಅಲ್ಲೇ ಸಾಯುತ್ತದೆ. ಟ್ರಸ್ಟ್ ಗುರುತಿಸುವುದು ಮೊದಲು, ಸ್ನೂಪಿಂಗ್ ಆನ್ ಮಾಡುವುದು ಆಮೇಲೆ. ತಿರುಗುಮುರುಗು ಮಾಡಿದರೆ ಪೈಯ ಉತ್ತರವೂ ಸಾಯುತ್ತದೆ.

ಕೊನೆಯದು ತುಂಬ ಸತಾಯಿಸುವ ಬಗೆ. ಕೇಬಲ್ ಚುಚ್ಚಿದ ಒಂದು ನಿಮಿಷದವರೆಗೆ ವಿಳಾಸ ಬರುವುದಿಲ್ಲ, ಆಮೇಲೆ ತಾನಾಗಿ ಬರುತ್ತದೆ. ಸ್ವಿಚ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್ ಸುತ್ತುತ್ತಲೇ ಇರುವ ಲೂಪ್ ತಡೆಯುವ ವ್ಯವಸ್ಥೆ) ಇದ್ದರೆ ಪೋರ್ಟ್ ಎದ್ದ ಮೇಲೆ 15 ಸೆಕೆಂಡ್ ಆಲಿಸಿ, 15 ಸೆಕೆಂಡ್ ಕಲಿತು, ಆಮೇಲಷ್ಟೇ ಪ್ಯಾಕೆಟ್ ಸಾಗಿಸುತ್ತದೆ. ಕಂಪ್ಯೂಟರಿನ ಡಿಸ್ಕವರ್‌ಗಳು ಸುಮಾರು 0, 4, 12, 28ನೇ ಸೆಕೆಂಡಿಗೆ ಹೊರಡುತ್ತವೆ, ನಾಲ್ಕೂ ನುಂಗಿಹೋಗುತ್ತವೆ. ಐದನೆಯದು 60ರ ಹತ್ತಿರ, ಅದು ದಾಟುತ್ತದೆ. ಅಷ್ಟರೊಳಗೆ ಕೈಚೆಲ್ಲುವ ಸಾಧನಗಳು 169.254ಕ್ಕೆ ಹೋಗಿಬಿಡುತ್ತವೆ. ಕಂಪ್ಯೂಟರ್, ಪ್ರಿಂಟರ್ ಚುಚ್ಚುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿದರೆ ಕಾಯುವುದು ತಪ್ಪುತ್ತದೆ. ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಮಾತ್ರ ಹಾಗೆ ಮಾಡಬೇಡಿ, ಲೂಪ್ ಆದರೆ ಜಾಲವೇ ಮಲಗುತ್ತದೆ.

ಪರೀಕ್ಷೆ ಮಾಡುವಾಗ ವೆಬ್‌ಸೈಟ್ ತೆರೆಯಿತು ಎಂಬುದನ್ನು ಸಾಕ್ಷಿ ಎಂದುಕೊಳ್ಳಬೇಡಿ. ರೌಟರ್ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಘೋಷಿಸುತ್ತಿದ್ದರೆ ಕಂಪ್ಯೂಟರ್ ಡಿಎಚ್‌ಸಿಪಿ ಇಲ್ಲದೆಯೇ ಐಪಿವಿ6 ವಿಳಾಸ ಕಟ್ಟಿಕೊಂಡು ಕೆಲವು ಸೈಟ್‌ಗಳನ್ನು ತೆರೆಯಬಲ್ಲದು. 192.168.47.1ಕ್ಕೆ ಪಿಂಗ್ ಮಾಡಿ.

ಎಲ್ಲ ಸರಿ ನಿಂತ ಮೇಲೆ ಪೈ ಆಫ್ ಮಾಡಿ, ಕಾರ್ಡಿನ ಪೂರ್ತಿ ಪ್ರತಿಯನ್ನು ಎರಡನೇ ಕಾರ್ಡಿಗೆ ಇಳಿಸಿ, ಪ್ರತಿಯಲ್ಲಿ ಲೀಸ್ ಫೈಲ್ ಅಳಿಸಿ, ಆ ಪ್ರತಿಯಿಂದಲೇ ಪೈ ಎಬ್ಬಿಸಿ ನೋಡಿ. ಖಾಲಿ ಪುಸ್ತಕದಿಂದ ಶುರುವಾಗಿ, ಪೂಲಿನಿಂದ ವಿಳಾಸ ಪಡೆದ ಆನ್ ಇರುವ ಕಂಪ್ಯೂಟರ್‌ಗಳೆಲ್ಲ ಒಂದು ಗಂಟೆಯೊಳಗೆ ತಮ್ಮ ಹಳೆಯ ವಿಳಾಸ ಹಿಡಿದೇ ಪುಸ್ತಕಕ್ಕೆ ಮರಳಬೇಕು. 24 ಗಂಟೆಯ ರಿಸರ್ವೇಶನ್‌ನವು 12 ಗಂಟೆಯೊಳಗೆ. ಲಾಗ್‌ನಲ್ಲಿ ಡಿಸ್ಕವರ್ ಇಲ್ಲದೆ ಬರೀ ರಿಕ್ವೆಸ್ಟ್ ಮತ್ತು ಆಕ್ ಜೋಡಿಗಳು ಕಂಡರೆ ಬದಲಿ ಕಾರ್ಡ್ ಕೆಲಸಕ್ಕೆ ಸಿದ್ಧ. ಅದನ್ನು ತೆಗೆದು, ವಿಳಾಸ ಹಂಚಿಕೆಯ ಹಾಳೆಯ ಜೊತೆ ಪೈ ಪೆಟ್ಟಿಗೆಯ ಬದಿಗೆ ಅಂಟಿಸಿಡಿ.